ಉಸಿರಿನ ಉಪಾಸನೆ: ಬಿಡುವುದರಿಂದ ಶುರುಮಾಡುವ ಹತ್ತು ಹಂತಗಳು

ಪ್ರಾಣಾಯಾಮ ಶುರುಮಾಡಿ ಕೈಬಿಟ್ಟವರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಉಸಿರು ಕಟ್ಟಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಕಣ್ಣು ಮುಚ್ಚಿದರೆ ತೂಕಡಿಕೆ ಬರುತ್ತದೆ. ಹತ್ತು ನಿಮಿಷ ಕೂತು ಎದ್ದರೆ ತಲೆ ಭಾರ. ಈ ತೊಂದರೆಗಳು ಇಲ್ಲದವರೂ ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ: ಮೂಗು ಹಿಡಿದು ಕೂತದ್ದೇನೋ ಆಯಿತು, ಇದರಲ್ಲಿ ದೇವರ ಮಾತು ಎಲ್ಲಿ ಬಂತು?

ಎಲ್ಲಕ್ಕೂ ಕಾರಣ ಕ್ರಮ ತಪ್ಪುವುದು. ಬಹುಪಾಲು ಜನ ಕೊನೆಗೆ ಬರಬೇಕಾದ ಕುಂಭಕವನ್ನು, ಅಂದರೆ ಉಸಿರು ಕಟ್ಟಿ ಹಿಡಿಯುವುದನ್ನು, ಮೊದಲ ದಿನವೇ ಹಿಡಿಯುತ್ತಾರೆ, ಇಲ್ಲವೇ ಉಸಿರನ್ನು ರಭಸದಿಂದ ಮತ್ತೆ ಮತ್ತೆ ಹೊರತಳ್ಳುವ ಕಪಾಲಭಾತಿಗೆ ಕೈಹಾಕುತ್ತಾರೆ. ಅರ್ಥವನ್ನು 'ಆಮೇಲೆ ನೋಡೋಣ' ಎಂದು ಪಕ್ಕಕ್ಕಿಡುತ್ತಾರೆ. ಉಪನಿಷತ್ತುಗಳ ಪ್ರಕಾರ ಹೊರಗೆ ವಾಯುವಾಗಿ ಬೀಸುವ ದೇವತೆಯೇ ಒಳಗೆ ಪ್ರಾಣವಾಗಿ ಸಂಚರಿಸುತ್ತಾನೆ. ಅವನು ಬಂದುಹೋಗುವ ದಾರಿಯನ್ನು ತೆರವು ಮಾಡಿಕೊಡುವುದಷ್ಟೇ ನಮ್ಮ ಪಾಲಿನ ಕೆಲಸ. ಆದ್ದರಿಂದ ಈ ಕ್ರಮ ಉಸಿರು ಬಿಡುವುದರಿಂದ ಆರಂಭವಾಗುತ್ತದೆ. ಉಸಿರು ಕಟ್ಟುವುದು ಇಲ್ಲಿ ಎಲ್ಲಿಯೂ ಬರುವುದಿಲ್ಲ. ಒಂದು ಹಂತ ಸಲೀಸಾದ ಮೇಲೆಯೇ ಮುಂದಿನದಕ್ಕೆ ಹೋಗಿ. ಅದಕ್ಕೆ ವಾರ ಹಿಡಿದರೂ ಸರಿ, ತಿಂಗಳು ಹಿಡಿದರೂ ಸರಿ.

## ಶುರುಮಾಡುವ ಮುನ್ನ

ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ, ಗ್ಲಾಕೋಮಾ, ಹರ್ನಿಯಾ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಕಪಾಲಭಾತಿ, ಭಸ್ತ್ರಿಕಾ (ತಿದಿಯಂತೆ ರಭಸವಾಗಿ ಉಸಿರಾಡುವುದು), ಕುಂಭಕ ಮೂರನ್ನೂ ದೂರವಿಡಬೇಕು. ಕೆಳಗಿನ ಹಂತಗಳು ಮೃದುವಾದವು. ಆದರೂ ನಿಮ್ಮ ವೈದ್ಯರಿಗೆ ಒಂದು ಮಾತು ತಿಳಿಸಿ ಆರಂಭಿಸಿ. ಆಸ್ತಮಾ ಇರುವವರು ಇನ್‌ಹೇಲರ್ ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು. ಅಭ್ಯಾಸ ಚೆನ್ನಾಗಿ ನಡೆಯುತ್ತಿದೆ ಎಂದು ಔಷಧವನ್ನು ತಾವಾಗಿ ನಿಲ್ಲಿಸಬಾರದು.

ಬೇಕಾದ ಸಾಮಾನು: ಮಡಚಿದ ಕಂಬಳಿ ಅಥವಾ ಕೌದಿ, ಕರವಸ್ತ್ರ, ತಂಬಿಗೆ ನೀರು, ಒಂದು ಸಣ್ಣ ಸ್ಟೀಲ್ ತಟ್ಟೆ, ಬೀಜ ತೆಗೆದ ಹತ್ತಿಯ ಒಂದೆಳೆ. ತಟ್ಟೆ, ಹತ್ತಿ ಏಕೆ ಎನ್ನುವುದು ಮುಂದೆ ಬರುತ್ತದೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಅದರ ಗಂಟೆ ಇಟ್ಟುಕೊಂಡು ಕೂತವರ ಕಿವಿ ಉಸಿರಿನ ಕಡೆ ಇರುವುದಿಲ್ಲ.

## ಹಂತ 1: ಹೊತ್ತು ಮತ್ತು ಜಾಗ

ಊಟವಾಗಿ ಮೂರು–ನಾಲ್ಕು ತಾಸು ಕಳೆದಿರಬೇಕು. ಬೆಳಗ್ಗೆ ಎದ್ದು ಮಲಮೂತ್ರ ಮುಗಿಸಿದ ಮೇಲಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು.

ನಮ್ಮ ಕಲಬುರಗಿ, ಬೀದರ್ ಕಡೆ ಹೊತ್ತಿನ ಲೆಕ್ಕಕ್ಕೆ ಬಿಸಿಲನ್ನೂ ಧೂಳನ್ನೂ ಸೇರಿಸಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸೂರ್ಯ ಹುಟ್ಟುವ ಮೊದಲೇ ಅಭ್ಯಾಸ ಮುಗಿದಿರಬೇಕು. ಎತ್ತರದಲ್ಲಿರುವ ಬೀದರಿನವರಿಗೆ ತುಸು ಸಡಿಲಿಕೆ ಇದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುವಾಗ ಕಣದ ಹೊಟ್ಟು ಊರೊಳಗೂ ಹಾರಿಬರುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಯವರಿಗೆ ಕಲ್ಲುಗಣಿ ಮತ್ತು ಸಿಮೆಂಟಿನ ಧೂಳು ವರ್ಷವಿಡೀ ಇದ್ದದ್ದೇ. ಬಯಲಲ್ಲಿ ಕೂತರೆ ಮಾತ್ರ ಪ್ರಾಣಾಯಾಮ ಎಂಬ ಹಟ ಇಂಥ ದಿನಗಳಲ್ಲಿ ಬೇಡ. ಪಡಸಾಲೆಯಲ್ಲಿ ಕೂತು, ಗಾಳಿ ಬರುವ ದಿಕ್ಕಿನ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದರೆ ಸಾಕು. ಫ್ಯಾನು, ಕೂಲರ್ ನೇರವಾಗಿ ಮುಖಕ್ಕೆ ಬೀಸಬಾರದು.

ಬೇಸಿಗೆಯಲ್ಲಿ ಶೀತಲಿ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಮಾಡಬಹುದು, ಅದು ತಂಪು ಕೊಡುತ್ತದೆ. ಆದರೆ ನಾಲಗೆ ಸುರುಳಿ ಮಾಡಿ ಬಾಯಿಯಿಂದ ಎಳೆದ ಗಾಳಿಗೆ ಮೂಗಿನ ಸೋಸುವಿಕೆ ಸಿಗುವುದಿಲ್ಲ. ಧೂಳೆದ್ದ ದಿನ ಅದನ್ನು ಬಿಟ್ಟುಬಿಡಿ.

## ಹಂತ 2: ಕೂರುವುದು

ಪದ್ಮಾಸನ ಕಡ್ಡಾಯವಲ್ಲ. ಫರಸಿಯ ಮೇಲೆ ಕಂಬಳಿ ಹಾಸಿ, ಸೊಂಟದ ಕೆಳಗೆ ಇನ್ನೊಂದು ಮಡಿಕೆ ಇಟ್ಟು, ಮೊಣಕಾಲುಗಳು ಸೊಂಟಕ್ಕಿಂತ ಕೆಳಗಿರುವಂತೆ ಕೂತುಕೊಳ್ಳಿ. ಮೊಣಕಾಲು ನೋವಿದ್ದರೆ ಕುರ್ಚಿ ಬಳಸಿ; ಪಾದ ಎರಡೂ ನೆಲಕ್ಕೆ ತಾಗಿರಲಿ, ಬೆನ್ನು ಕುರ್ಚಿಗೆ ಒರಗದಿರಲಿ. ಆಸನ ಸ್ಥಿರವಾದ ಮೇಲೆಯೇ ಪ್ರಾಣಾಯಾಮ ಎಂಬುದು ಪತಂಜಲಿಯ ಯೋಗಸೂತ್ರ ಇಟ್ಟ ಕ್ರಮ. ಕಾಲು ಜೋಮು ಹಿಡಿದಾಗ ಮನಸ್ಸು ಕಾಲಿನ ಹತ್ತಿರವೇ ಇರುತ್ತದೆ, ಉಸಿರಿನ ಹತ್ತಿರ ಬರುವುದಿಲ್ಲ.

## ಹಂತ 3: ಮೂಗನ್ನು ತಿಳಿಯುವುದು

ಮೂಗು ಕಟ್ಟಿದ್ದಾಗ ಏನು ಮಾಡಿದರೂ ನಡೆಯದು. ಮೊದಲು ಮುಖ ತೊಳೆದು, ಒಂದೊಂದೇ ಹೊಳ್ಳೆಯನ್ನು ಮೆಲ್ಲಗೆ ಊದಿ ಶುಚಿಮಾಡಿಕೊಳ್ಳಿ. ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವುದು, ಕಲಿತವರು ಮಾಡಬಹುದು. ಕುದಿಸಿ ಉಗುರುಬೆಚ್ಚಗೆ ಆರಿಸಿದ ನೀರನ್ನೇ ಬಳಸಬೇಕು, ಅರ್ಧ ಲೀಟರಿಗೆ ಒಂದು ಸಣ್ಣ ಚಮಚದಷ್ಟು ಉಪ್ಪು. ಬೋರ್‌ವೆಲ್ ಅಥವಾ ನಲ್ಲಿಯ ನೀರನ್ನು ಹಾಗೆಯೇ ಮೂಗಿಗೆ ಹೊಯ್ಯಬೇಡಿ, ಅದು ಅಪಾಯ.

ಈಗ ಸ್ಟೀಲ್ ತಟ್ಟೆಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು ಒಮ್ಮೆ ಉಸಿರು ಬಿಡಿ. ಎರಡು ಮಬ್ಬು ಗುರುತುಗಳು ಮೂಡುತ್ತವೆ. ಒಂದು ದೊಡ್ಡದು, ತಡವಾಗಿ ಆರುವಂಥದ್ದು. ಇನ್ನೊಂದು ಚಿಕ್ಕದು, ನೋಡುನೋಡುತ್ತಿದ್ದಂತೆ ಅಳಿಸಿಹೋಗುತ್ತದೆ. ಎರಡು ಹೊಳ್ಳೆಗಳು ಒಂದೇ ಸಮ ಹರಿಯುವುದು ಅಪರೂಪ. ಕೆಲವು ತಾಸಿಗೊಮ್ಮೆ ಪಾಳಿ ಬದಲಾಗುತ್ತದೆ. ಆರೋಗ್ಯವಂತರಲ್ಲೂ ಹೀಗೆಯೇ. ಎಡಗಡೆಯದನ್ನು ಇಡಾ ಅಥವಾ ಚಂದ್ರನಾಡಿ, ಬಲಗಡೆಯದನ್ನು ಪಿಂಗಳಾ ಅಥವಾ ಸೂರ್ಯನಾಡಿ ಎಂದು ಯೋಗಶಾಸ್ತ್ರ ಕರೆಯುತ್ತದೆ. ಬೇಸಿಗೆಯಲ್ಲಿ ತಟ್ಟೆ ಮಬ್ಬಾಗುವುದಿಲ್ಲ. ಆಗ ತೋರುಬೆರಳಿನ ಹಿಂಭಾಗವನ್ನು ಹೊಳ್ಳೆಯ ಕೆಳಗೆ ಹಿಡಿಯಿರಿ. ಒಳಗೆ ಹೋಗುವ ಗಾಳಿ ತಣ್ಣಗೆ, ಹೊರಗೆ ಬರುವುದು ಬೆಚ್ಚಗೆ ತಾಗುತ್ತದೆ.

ಇಲ್ಲಿ ಆಗುವ ತಪ್ಪು: 'ನನ್ನ ಒಂದು ಹೊಳ್ಳೆ ಕಟ್ಟಿದೆ' ಎಂದು ಗಾಬರಿಯಾಗಿ ಅದರಿಂದಲೇ ಜೋರಾಗಿ ಎಳೆಯುವುದು. ಪಾಳಿ ಬದಲಾಗುವವರೆಗೆ ಬಿಡಿ. ದಿನಗಟ್ಟಲೆ ಒಂದೇ ಹೊಳ್ಳೆ ಕಟ್ಟಿದ್ದರೆ ಅದು ಕಿವಿ–ಮೂಗು–ಗಂಟಲು ವೈದ್ಯರ ಕೆಲಸ.

## ಹಂತ 4: ಬಿಡುವುದು

ಇಡೀ ಅಭ್ಯಾಸ ನಿಂತಿರುವುದು ಈ ಹಂತದ ಮೇಲೆ, ಆದ್ದರಿಂದ ಇಲ್ಲಿ ಅವಸರ ಸಲ್ಲದು.

ಚಿತ್ತ ತಿಳಿಯಾಗಲು ಇರುವ ಉಪಾಯಗಳನ್ನು ಹೇಳುವಾಗ ಪತಂಜಲಿ ಪ್ರಾಣದ ವಿಷಯದಲ್ಲಿ ಮೊದಲು ಎತ್ತಿಕೊಳ್ಳುವುದು ಪ್ರಚ್ಛರ್ದನ, ಅಂದರೆ ಉಸಿರನ್ನು ಹೊರಗೆ ಹಾಕುವುದು. ನಾವಾದರೋ 'ಆಳವಾಗಿ ಉಸಿರೆಳೆದುಕೊಳ್ಳಿ' ಎಂಬ ಮಾತನ್ನು ಶಾಲೆಯಿಂದಲೂ ಕೇಳಿಸಿಕೊಂಡು ಬಂದಿದ್ದೇವೆ. ಅರ್ಧ ತುಂಬಿದ ಎದೆಯ ಮೇಲೆ ಇನ್ನಷ್ಟು ಎಳೆದುಕೊಂಡರೆ ಭುಜ ಏರುತ್ತದೆ, ಕುತ್ತಿಗೆ ಬಿಗಿಯುತ್ತದೆ. ತಲೆಭಾರದ ದೂರು ಹುಟ್ಟುವುದು ಇಲ್ಲಿಂದಲೇ.

ಮಾಡುವ ಬಗೆ ಹೀಗೆ. ಬಾಯಿ ಮುಚ್ಚಿರಲಿ, ಹಲ್ಲು ಕಚ್ಚಿರಬಾರದು. ಎಡ ಅಂಗೈ ಹೊಕ್ಕುಳ ಮೇಲಿರಲಿ. ಸಹಜವಾಗಿ ಬಂದ ಉಸಿರನ್ನು ಮೂಗಿನಿಂದ ನಿಧಾನಕ್ಕೆ ಬಿಡುತ್ತಾ ಹೋಗಿ; ಅಂಗೈ ಬೆನ್ನಿನ ಕಡೆಗೆ ಸರಿಯುವುದು ತಿಳಿಯಬೇಕು. ಉಸಿರು ತೀರಿದ ಮೇಲೆ ಒತ್ತಿ ಹಿಂಡಬೇಡಿ. ಒಂದು ಕ್ಷಣದ ಬಿಡುವಿನ ನಂತರ ಹೊಸ ಉಸಿರು ತಾನೇ ಬರುತ್ತದೆ. ಅದನ್ನು ಎಳೆಯಬೇಡಿ, ಬರಲು ಬಿಡಿ. ಎಣಿಕೆ ಬೇಕೆನ್ನುವವರು ಒಳಗೆ ಬರುವಾಗ ಮೂರು, ಹೊರಗೆ ಹೋಗುವಾಗ ಐದು ಅಥವಾ ಆರು ಎಣಿಸಬಹುದು. ಐದು ನಿಮಿಷ ಸಾಕು.

ಹತ್ತಿಯ ಎಳೆ ಬೇಕಾಗುವುದು ಈಗ. ಅದನ್ನು ಎರಡು ಬೆರಳಲ್ಲಿ ಹಿಡಿದು ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿಡಿ. ಆರಂಭದಲ್ಲಿ ಎಳೆ ಥಟ್ಟನೆ ಹಾರುತ್ತದೆ, ಕೊನೆಯಲ್ಲಿ ಸುಮ್ಮನಾಗುತ್ತದೆ. ಉಸಿರು ಮೊದಲಿಗೆ ರಭಸವಾಗಿ ಸುರಿದು ಆಮೇಲೆ ಬರಿದಾಗುತ್ತಿದೆ ಎಂದು ಇದರಿಂದ ಗೊತ್ತಾಗುತ್ತದೆ. ಆದಿಯಿಂದ ಅಂತ್ಯದವರೆಗೆ ಎಳೆ ಒಂದೇ ಅಳತೆಯಲ್ಲಿ ನವಿರಾಗಿ ಅಲುಗುವಂತಾದರೆ ಈ ಹಂತ ಪಳಗಿತು. ಪತಂಜಲಿ ಹೇಳುವ ದೀರ್ಘ, ಸೂಕ್ಷ್ಮ ಎಂಬ ಎರಡು ಗುಣಗಳನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಸರಳ ಸಾಧನ ಬೇಡ.

ಇನ್ನೊಂದು ಪರೀಕ್ಷೆ ಮಣಿಕಟ್ಟಿನಲ್ಲಿದೆ. ಬಲಗೈ ಬೆರಳುಗಳನ್ನು ಎಡ ಮಣಿಕಟ್ಟಿನ ನಾಡಿಯ ಮೇಲಿಟ್ಟು ಉಸಿರಾಡಿ. ಎಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ನಿಧಾನವಾಗುತ್ತದೆ. ವಯಸ್ಸಾದವರಲ್ಲಿ ಈ ವ್ಯತ್ಯಾಸ ಮಸುಕು, ಎಳೆಯರಲ್ಲಿ ಸ್ಪಷ್ಟ. ರೇಚಕ, ಅಂದರೆ ಉಸಿರು ಬಿಡುವುದು, ದೀರ್ಘವಾದಷ್ಟೂ ದೇಹ ಯಾಕೆ ಶಾಂತವಾಗುತ್ತದೆ ಎಂಬುದಕ್ಕೆ ಉತ್ತರ ನಿಮ್ಮ ಬೆರಳ ಕೆಳಗೇ ಸಿಗುತ್ತದೆ.

ಎಚ್ಚರಿಕೆಯ ಸೂಚನೆ ಒಂದೇ: ಬಿಟ್ಟ ಮೇಲೆ ಬರುವ ಉಸಿರು ಏದುಸಿರಾಗಿ ನುಗ್ಗಿದರೆ ನೀವು ಬಿಟ್ಟದ್ದು ಹೆಚ್ಚಾಯಿತು. ಎಣಿಕೆಯನ್ನು ಎರಡು ಇಳಿಸಿ.

## ಹಂತ 5: ಸುಮ್ಮನೆ ನೋಡುವುದು

ಬಿಡುವುದು ಹದಕ್ಕೆ ಬಂದ ಮೇಲೆ ಎಣಿಕೆಯನ್ನು ಕೈಬಿಡಿ. ಮೂಗಿನ ತುದಿಯಲ್ಲಿ ಉಸಿರು ತಾಗುವ ಜಾಗವನ್ನು ಗುರುತಿಸಿ ಅಲ್ಲೇ ಇರಿ.

ಮನಸ್ಸು ಓಡುತ್ತದೆ. ಗೀತೆಯಲ್ಲಿ ಅರ್ಜುನ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎಂದು ಕೃಷ್ಣನ ಮುಂದೆ ದೂರುತ್ತಾನೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಆರುಣಿ ಮಗ ಶ್ವೇತಕೇತುವಿಗೆ ಹೇಳುವ ಮಾತು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ: ದಾರ ಕಟ್ಟಿದ ಹಕ್ಕಿ ದಿಕ್ಕುದಿಕ್ಕಿಗೆ ಹಾರಿ, ಎಲ್ಲೂ ನೆಲೆ ಸಿಗದೆ, ಕಟ್ಟಿದ ಜಾಗಕ್ಕೇ ಮರಳುವಂತೆ ಮನಸ್ಸು ಪ್ರಾಣಕ್ಕೆ ಮರಳುತ್ತದೆ, ಏಕೆಂದರೆ ಮನಸ್ಸು ಕಟ್ಟಲ್ಪಟ್ಟಿರುವುದು ಪ್ರಾಣಕ್ಕೇ. ಆದ್ದರಿಂದ ಓಡಿದ ಮನಸ್ಸನ್ನು ಬೈಯುತ್ತಾ ಎಳೆದು ತರುವ ಅಗತ್ಯವಿಲ್ಲ. ಓಡಿತು ಎಂದು ತಿಳಿದ ಕ್ಷಣದಲ್ಲಿ ಮುಂದಿನ ಉಸಿರು ಹೊರಹೋಗುವುದನ್ನು ಗಮನಿಸಿದರೆ ಸಾಕು.

ತೂಕಡಿಕೆ ಬಂದರೆ ಕಣ್ಣನ್ನು ಅರೆತೆರೆದು ಒಂದು ಮೊಳ ದೂರದ ನೆಲ ನೋಡಿ. ಇಷ್ಟಲಿಂಗ ಪೂಜೆ ಮಾಡುವವರಿಗೆ ಇದಕ್ಕಿಂತ ಉತ್ತಮ ಆಧಾರ ಕೈಯಲ್ಲೇ ಇದೆ. ಎಡ ಅಂಗೈಯ ಲಿಂಗದ ಮೇಲೆ ದೃಷ್ಟಿ ನೆಟ್ಟಾಗ ಉಸಿರು ತಾನಾಗಿ ಸಣ್ಣಗಾಗುವುದನ್ನು ಅವರು ಬಲ್ಲರು. ಶರಣರು ಹೇಳುವ ಷಟ್‌ಸ್ಥಲಗಳೆಂಬ ಆರು ಮೆಟ್ಟಿಲುಗಳಲ್ಲಿ ಭಕ್ತ, ಮಹೇಶ, ಪ್ರಸಾದಿ ಸ್ಥಲಗಳಾದ ಮೇಲೆ ನಾಲ್ಕನೆಯದಾಗಿ ಪ್ರಾಣಲಿಂಗಿ ಸ್ಥಲ ಬರುತ್ತದೆ. ಕೈಯ ಲಿಂಗವೂ ಉಸಿರೂ ಬೇರೆಯಾಗಿ ಉಳಿಯದ ನೆಲೆ ಅದು. ಬಸವಕಲ್ಯಾಣದ ನೆಲದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕ್ರಮದಲ್ಲಿ ಅದು ಮೊದಲನೆಯದಾಗಿಲ್ಲ, ನಾಲ್ಕನೆಯದಾಗಿದೆ ಎಂಬುದನ್ನು ಮಾತ್ರ ಗಮನಿಸಿ.

## ಹಂತ 6: ಐದು ವಾಯುಗಳನ್ನು ಗುರುತಿಸುವುದು

'ದೇವರ ಮಾತು ಎಲ್ಲಿ' ಎಂದು ಕೇಳಿದವರಿಗೆ ಉತ್ತರ ಇಲ್ಲಿಂದ ತೆರೆದುಕೊಳ್ಳುತ್ತದೆ. ಶ್ವಾಸಕೋಶಕ್ಕೆ ಹೋಗಿಬರುವ ಗಾಳಿ ಪ್ರಾಣದ ಒಂದು ಕೆಲಸ ಮಾತ್ರ. ದೇಹದೊಳಗೆ ಪ್ರಾಣ ಐದಾಗಿ ಹಂಚಿಕೊಂಡು ದುಡಿಯುತ್ತದೆ ಎಂದು ಪ್ರಶ್ನೋಪನಿಷತ್ತಿನಲ್ಲಿ ಪಿಪ್ಪಲಾದ ಋಷಿ ವಿವರಿಸುತ್ತಾನೆ. ಹೆಸರುಗಳನ್ನು ಬಾಯಿಪಾಠ ಮಾಡಿದರೆ ಉಪಯೋಗವಿಲ್ಲ. ಒಂದು ದಿನಕ್ಕೆ ಒಂದರಂತೆ ಐದು ದಿನ ಒಂದೊಂದನ್ನೇ ಹುಡುಕಿ. ಯೋಗಗ್ರಂಥಗಳು ಹೇಳುವ ಸ್ಥಾನಗಳನ್ನೇ ಇಲ್ಲಿ ಹಿಡಿದಿದ್ದೇನೆ.

ಮೊದಲ ದಿನ ಪ್ರಾಣ. ಸ್ಥಾನ ಹೃದಯ. ಉಸಿರು ಒಳಬರುವಾಗ ಎದೆಯ ನಡುವೆ ಆಗುವ ಅರಳುವಿಕೆಯಲ್ಲಿ ಅದನ್ನು ನೋಡಿ. ಹೊರಗಿನದನ್ನು ಒಳಕ್ಕೆ ತರುವ ಶಕ್ತಿ ಅದು.

ಎರಡನೆಯ ದಿನ ಅಪಾನ. ಸ್ಥಾನ ಹೊಕ್ಕುಳ ಕೆಳಗೆ. ಮಲಮೂತ್ರ ವಿಸರ್ಜನೆ, ಹೆರಿಗೆ, ದೇಹ ಹೊರಹಾಕುವ ಎಲ್ಲವೂ ಅದರ ಪಾಲು. ಉಸಿರು ಬಿಡುವಾಗ ಸೊಂಟದ ಭಾರ ನೆಲಕ್ಕಿಳಿಯುವಂತೆ ತೋರುತ್ತದಲ್ಲ, ಅಲ್ಲಿ ಗಮನವಿಡಿ. ನಾಲ್ಕನೆಯ ಹಂತದಲ್ಲಿ ನೀವು ಪಳಗಿಸಿದ್ದು ಇದನ್ನೇ. ಪ್ರಾಣವನ್ನು ಅಪಾನದಲ್ಲಿ, ಅಪಾನವನ್ನು ಪ್ರಾಣದಲ್ಲಿ ಹೋಮ ಮಾಡುವವರಿದ್ದಾರೆ ಎಂದು ಗೀತೆಯ ನಾಲ್ಕನೆಯ ಅಧ್ಯಾಯ ಹೇಳುವಾಗ ಈ ಎರಡರ ಸಂಬಂಧವನ್ನು ಯಜ್ಞವೆಂದೇ ಕಾಣುತ್ತದೆ. ಒಳಬಂದದ್ದು ಹೊರಹೋಗುವುದಕ್ಕೆ ಆಹುತಿ, ಹೊರಹೋದದ್ದು ಒಳಬರುವುದಕ್ಕೆ ಆಹುತಿ.

ಮೂರನೆಯ ದಿನ ಸಮಾನ. ಹೊಕ್ಕುಳ ಸುತ್ತ. ತಿಂದದ್ದನ್ನು ಸಮನಾಗಿ ಹಂಚುವ ವಾಯು. ಹಸಿವಿನ ಹೊತ್ತಿನಲ್ಲಿ ಕೂತರೆ ಬೇಗ ಗುರುತಾಗುತ್ತದೆ.

ನಾಲ್ಕನೆಯ ದಿನ ಉದಾನ. ಕಂಠದಲ್ಲಿ. ಓಂಕಾರವನ್ನು ಮೆಲ್ಲಗೆ ಉಚ್ಚರಿಸಿ, ಧ್ವನಿ ನಿಂತ ಮೇಲೂ ಗಂಟಲಲ್ಲಿ ಉಳಿಯುವ ಮೇಲ್ಮುಖ ಸೆಳೆತವನ್ನು ನೋಡಿ. ಸಾಯುವ ಹೊತ್ತಿನಲ್ಲಿ ಜೀವವನ್ನು ಅದರ ಪುಣ್ಯಪಾಪಗಳಿಗೆ ತಕ್ಕ ಲೋಕಕ್ಕೆ ಒಯ್ಯುವುದು ಉದಾನ ಎಂದು ಪ್ರಶ್ನೋಪನಿಷತ್ತು ಹೇಳುತ್ತದೆ.

ಐದನೆಯ ದಿನ ವ್ಯಾನ. ಇದು ಮೈತುಂಬ ಹರಡಿರುವುದರಿಂದ ಕಣ್ಣು ಮುಚ್ಚಿ ಕೂತಾಗ ಸಿಗುವುದೇ ಇಲ್ಲ, ಕೆಲಸದಲ್ಲಿ ಹುಡುಕಬೇಕು. ಛಾಂದೋಗ್ಯ ಇದನ್ನು ಪ್ರಾಣ–ಅಪಾನಗಳ ಸಂಧಿ ಎನ್ನುತ್ತದೆ. ಅರಣಿ ಕಟ್ಟಿಗೆ ಕಡೆದು ಬೆಂಕಿ ಹುಟ್ಟಿಸುವುದು, ಪಂದ್ಯದ ಓಟ, ಗಟ್ಟಿ ಬಿಲ್ಲನ್ನು ಬಗ್ಗಿಸುವುದು ಮುಂತಾದ ಬಲದ ಕೆಲಸಗಳನ್ನು ಮನುಷ್ಯ ಉಸಿರು ಎಳೆಯದೆ, ಬಿಡದೆ ಮಾಡುತ್ತಾನೆ ಎಂದು ಅಲ್ಲಿ ಉದಾಹರಣೆ ಕೊಟ್ಟಿದೆ. ತುಂಬಿದ ಕೊಡವನ್ನು ನೆಲದಿಂದ ಸೊಂಟಕ್ಕೆ ಏರಿಸುವಾಗ ನಿಮ್ಮನ್ನೇ ಗಮನಿಸಿ. ತೊಗರಿ ಚೀಲವನ್ನು ಲಾರಿಗೆ ಏರಿಸುವ ಹಮಾಲರನ್ನು ಗಮನಿಸಿ: ಚೀಲ ಬೆನ್ನಿಗೆ ಬೀಳುವ ಮುನ್ನ ಉಸಿರು ಒಂದು ಕ್ಷಣ ನಿಲ್ಲುತ್ತದೆ, ಕಾಲು ನೆಟ್ಟಮೇಲೆ ಹೊರಬರುತ್ತದೆ. ಆ ನಿಂತ ಕ್ಷಣ ವ್ಯಾನದ್ದು. ಇದು ಕಣ್ಣಿಗೆ ಬಿದ್ದವರಿಗೆ ಪ್ರಾಣೋಪಾಸನೆ ಚಾಪೆಯ ಮೇಲಷ್ಟೇ ನಡೆಯುವುದಿಲ್ಲ ಎಂದು ಮತ್ತೆ ಹೇಳಬೇಕಾಗುವುದಿಲ್ಲ.

ಇಲ್ಲಿ ಆಗುವ ತಪ್ಪು: ಐದನ್ನೂ ಒಂದೇ ದಿನ ಮುಗಿಸಿ, ಬಣ್ಣ, ಬೆಳಕು ಕಾಣಲಿಲ್ಲ ಎಂದು ಬೇಸರಪಡುವುದು. ಕಾಣಬೇಕಾದದ್ದು ಕೆಲಸ, ಬಣ್ಣ ಕಾಣದಿದ್ದರೆ ನಷ್ಟವೇನೂ ಇಲ್ಲ.

## ಹಂತ 7: ನಾಡಿಶೋಧನ, ಕುಂಭಕವಿಲ್ಲದೆ

ಬಲಗೈಯ ತೋರುಬೆರಳು, ನಡುಬೆರಳನ್ನು ಅಂಗೈಗೆ ಮಡಚಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರಬೆರಳು ಎಡ ಹೊಳ್ಳೆಗೆ. ಮೊದಲು ಎರಡೂ ಹೊಳ್ಳೆಯಿಂದ ಪೂರ್ತಿ ಉಸಿರು ಬಿಡಿ. ಬಲ ಮುಚ್ಚಿ ಎಡದಿಂದ ತೆಗೆದುಕೊಳ್ಳಿ, ಎಡ ಮುಚ್ಚಿ ಬಲದಿಂದ ಬಿಡಿ, ಬಲದಿಂದಲೇ ತೆಗೆದುಕೊಳ್ಳಿ, ಬಲ ಮುಚ್ಚಿ ಎಡದಿಂದ ಬಿಡಿ. ಇಲ್ಲಿಗೆ ಒಂದು ಆವರ್ತ. ಆರಂಭದಲ್ಲಿ ಐದು ಆವರ್ತ ಸಾಕು, ಕ್ರಮೇಣ ಹತ್ತಕ್ಕೆ ಏರಿಸಬಹುದು. ಎಳೆಯುವುದಕ್ಕೂ ಬಿಡುವುದಕ್ಕೂ ಸಮ ಅಳತೆಯಿಂದ ಶುರುಮಾಡಿ, ನಿಧಾನವಾಗಿ ಬಿಡುವುದನ್ನು ಇಮ್ಮಡಿ ಮಾಡಿಕೊಳ್ಳಿ.

ಬೆರಳು ಮೂಗಿನ ಎಲುಬನ್ನು ಒತ್ತಬಾರದು. ಹೊಳ್ಳೆಯ ಮೃದು ಭಾಗ ಮುಚ್ಚುವಷ್ಟು ತಾಗಿದರೆ ಸಾಕು. ಮೊಣಕೈ ಎದೆಗೆ ಒತ್ತಿಕೊಂಡಿದ್ದರೆ ಬಲಗಡೆಯ ಪಕ್ಕೆಲುಬು ಅರಳುವುದಿಲ್ಲ. ತಲೆ ಬಲಕ್ಕೆ ವಾಲುವುದು ಎಲ್ಲರಲ್ಲೂ ಕಾಣುವ ದೋಷ. ಒಂದೆರಡು ದಿನ ಕನ್ನಡಿಯ ಎದುರು ಕೂತು ತಿದ್ದಿಕೊಳ್ಳಿ.

ಉಪನಯನವಾದವರು ಸಂಧ್ಯಾವಂದನೆಯ ಪ್ರಾಣಾಯಾಮದಲ್ಲಿ ಭೂಃ, ಭುವಃ ಮೊದಲಾದ ಏಳು ವ್ಯಾಹೃತಿಗಳನ್ನೂ ಗಾಯತ್ರಿಯನ್ನೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ. ಅದು ಕುಲಾಚಾರದಂತೆ ಬೇರೆಯಾಗಿ ನಡೆಯಲಿ, ಇದರೊಂದಿಗೆ ಬೆರೆಸಬೇಡಿ.

## ಹಂತ 8: ಹಂಸ

ಉಸಿರು ಒಳಹೋಗುವಾಗಲೂ ಹೊರಬರುವಾಗಲೂ ಒಂದು ಜಪ ತಾನಾಗಿ ನಡೆಯುತ್ತಿರುತ್ತದೆ ಎಂಬುದು ಅಜಪಾ ಗಾಯತ್ರಿಯ ಕಲ್ಪನೆ. ಹಂಸ ಎಂದೂ, ತಿರುಗಿಸಿ ಸೋಹಂ ಎಂದೂ ಅದನ್ನು ಕೇಳಿಸಿಕೊಳ್ಳುತ್ತಾರೆ. ದಿನಕ್ಕೆ 21,600 ಸಲ ಎಂಬ ಲೆಕ್ಕ ನಿಮಿಷಕ್ಕೆ 15 ಉಸಿರಿನಂತೆ 24 ತಾಸಿಗೆ ಸರಿಯಾಗಿ ಕೂಡುತ್ತದೆ.

ಮಾಡುವುದು ಸುಲಭ. ಏಳನೆಯ ಹಂತ ಮುಗಿಸಿ, ಕೈಯನ್ನು ತೊಡೆಯ ಮೇಲಿಳಿಸಿ, ಸಹಜ ಉಸಿರಿನ ಜೊತೆ 'ಸೋ' ಒಳಕ್ಕೆ, 'ಹಂ' ಹೊರಕ್ಕೆ ಎಂದು ಕೇಳಿಸಿಕೊಳ್ಳಿ. ಮಂತ್ರದ ತಾಳಕ್ಕೆ ಉಸಿರನ್ನು ಎಳೆದಾಡಬಾರದು. ಉಸಿರು ಹೋದಂತೆ ಮಂತ್ರ ಹೋಗಬೇಕು. ಬಾಯಿಯಲ್ಲಿ ಹೇಳಿದರೆ ಅದು ಬೇರೆ ಜಪವಾಯಿತು.

ಅರ್ಥದಲ್ಲಿ ಮಾತ್ರ ಮನೆಮನೆಗೂ ವ್ಯತ್ಯಾಸವಿದೆ. ಅದ್ವೈತದವರಿಗೆ 'ಅವನೇ ನಾನು' ಎಂಬ ಅರಿವೇ ಇದರ ತಿರುಳು. ಕಾಗಿಣಾ ನದಿ ದಂಡೆಯ ಮಳಖೇಡದ ಮಠಕ್ಕೆ ನಡೆದುಕೊಳ್ಳುವ ಮಾಧ್ವ (ದ್ವೈತ ಮತದ) ಮನೆಗಳಲ್ಲಿ ಜಪ ಮಾಡುವವನು ಮುಖ್ಯಪ್ರಾಣ. ಜೀವನೊಳಗೆ ಕೂತು ವಾಯುದೇವನು ಹಗಲಿರುಳು ನಡೆಸುವ ಶ್ವಾಸಜಪವನ್ನು ಭಗವಂತನಿಗೆ ಒಪ್ಪಿಸುವುದಷ್ಟೇ ಭಕ್ತನ ಪಾಲು. ಅಲ್ಲಿ ಜೀವನೂ ಈಶನೂ ಒಂದಾಗುವ ಮಾತಿಲ್ಲ. ಹನುಮ, ಭೀಮ, ಮಧ್ವ ಮೂವರೂ ವಾಯುವಿನ ಅವತಾರಗಳು ಎಂಬ ನಂಬಿಕೆಯೂ ಇದೇ ಎಳೆಯಲ್ಲಿದೆ. ಹನುಮಪ್ಪನ ಗುಡಿಗೆ ಮುಖ್ಯಪ್ರಾಣನ ಗುಡಿ ಎಂಬ ಹೆಸರು ಬಂದದ್ದು ಹಾಗೆ. ಎರಡು ಅರ್ಥಗಳನ್ನೂ ಕಲಸಿ ಮೂರನೆಯದೊಂದನ್ನು ಮಾಡಿಕೊಳ್ಳಬೇಡಿ. ನಿಮ್ಮ ಹಿರಿಯರು, ಗುರುಗಳು ಯಾವುದನ್ನು ಹೇಳಿಕೊಟ್ಟರೋ ಅದರಲ್ಲಿ ನಿಲ್ಲಿ. ಯಾರೂ ಹೇಳಿಕೊಟ್ಟಿಲ್ಲವಾದರೆ ಅರ್ಥದ ಗೊಡವೆಗೆ ಹೋಗದೆ ಕೇಳಿಸಿಕೊಳ್ಳುವುದರಲ್ಲೇ ಇರಿ.

## ಹಂತ 9: ಊಟದ ಮುಂದೆ

ಪಂಚಪ್ರಾಣಗಳಿಗೆ ಆಹುತಿ ಕೊಟ್ಟು ಉಣ್ಣುವ ಪದ್ಧತಿ ಹಲವು ಮನೆಗಳಲ್ಲಿ ಇನ್ನೂ ಇದೆ: ಪ್ರಾಣಾಯ ಸ್ವಾಹಾ, ಅಪಾನಾಯ ಸ್ವಾಹಾ, ವ್ಯಾನಾಯ ಸ್ವಾಹಾ, ಉದಾನಾಯ ಸ್ವಾಹಾ, ಸಮಾನಾಯ ಸ್ವಾಹಾ. ಛಾಂದೋಗ್ಯದಲ್ಲಿ ಈ ಐದರ ಅನುಕ್ರಮ ಸ್ವಲ್ಪ ಬೇರೆ. ನಿಮ್ಮ ಮನೆಯ ರೂಢಿಯನ್ನೇ ಇಟ್ಟುಕೊಳ್ಳಿ. ಪರಿಷೇಚನೆ (ಎಲೆಯ ಸುತ್ತ ನೀರು ಬಿಡುವುದು), ಚಿತ್ರಾಹುತಿ (ಎಲೆಯ ಪಕ್ಕ ಅನ್ನದ ಆಹುತಿ ಇಡುವುದು) ಗೊತ್ತಿಲ್ಲದವರು ಜೋಳದ ರೊಟ್ಟಿಯ ಮೊದಲ ಐದು ತುತ್ತುಗಳನ್ನು ಮಾತಿಲ್ಲದೆ ಉಂಡು, ಪ್ರತಿ ತುತ್ತಿಗೂ ಆರನೆಯ ಹಂತದಲ್ಲಿ ಗುರುತಿಸಿದ ಆಯಾ ಸ್ಥಾನವನ್ನು ನೆನೆದರೆ ಸಾಕು ಎಂದು ನನ್ನ ಅಭಿಪ್ರಾಯ. ಟಿ.ವಿ. ಮುಂದೆ ಕೂತು ಇದನ್ನು ಮಾಡಲಾಗದು.

## ಹಂತ 10: ಹೊರಗಿನ ಗಾಳಿ, ರಾತ್ರಿಯ ನಿದ್ದೆ

ಇಷ್ಟು ದಿನ ಮುಚ್ಚಿಟ್ಟ ಕಿಟಕಿಯನ್ನು ಈಗ ತೆರೆಯಬಹುದು. ಛಾಂದೋಗ್ಯದ ನಾಲ್ಕನೆಯ ಅಧ್ಯಾಯದಲ್ಲಿ ರೈಕ್ವ ಎಂಬವನಿದ್ದಾನೆ. ಗಾಡಿಯ ಕೆಳಗೆ ಮೈ ತುರಿಸುತ್ತಾ ಕೂತವನು. ದಾನಕ್ಕೆ ಹೆಸರಾದ ಜಾನಶ್ರುತಿ ಅವನ ಬಳಿಗೆ ಬಂದು ಬೇಡಿಕೊಂಡು ಪಡೆದದ್ದು ಸಂವರ್ಗವಿದ್ಯೆ. ಬೆಂಕಿ ಆರಿದಾಗ ವಾಯುವಿನಲ್ಲಿ ಸೇರುತ್ತದೆ. ಸೂರ್ಯ, ಚಂದ್ರ ಮುಳುಗಿದಾಗ ವಾಯುವಿನಲ್ಲಿ. ನೀರು ಇಂಗಿದಾಗ ವಾಯುವಿನಲ್ಲಿ. ಹೊರಗೆ ಎಲ್ಲವನ್ನೂ ತನ್ನೊಳಗೆ ಸೆಳೆದುಕೊಳ್ಳುವವನು ಅವನು. ಒಳಗೆ, ಮನುಷ್ಯ ಮಲಗಿದಾಗ ಮಾತು, ಕಣ್ಣು, ಕಿವಿ, ಮನಸ್ಸು ನಾಲ್ಕೂ ಪ್ರಾಣದಲ್ಲಿ ಸೇರುತ್ತವೆ. ಗಾಳಿಗೂ ಉಸಿರಿಗೂ ಇರುವ ನಂಟನ್ನು ಇಷ್ಟು ನೇರವಾಗಿ ಹೇಳುವ ಭಾಗಗಳು ಕಡಿಮೆ.

ಇದನ್ನು ಎರಡು ಹೊತ್ತಿನಲ್ಲಿ ಮಾಡಿ. ಸಂಜೆ ದೀಪ ಹಚ್ಚುವ ಮುಂಚೆ ಮಾಳಿಗೆ ಏರಿ, ವಾಯುವಿನ ದಿಕ್ಕಾದ ವಾಯವ್ಯಕ್ಕೆ ಮುಖಮಾಡಿ ನಿಲ್ಲಿ. ಗಾಳಿ ಕೆನ್ನೆಗೆ ಯಾವ ಕಡೆಯಿಂದ ತಾಗುತ್ತಿದೆ ನೋಡಿ. 'ನಮಸ್ತೇ ವಾಯೋ, ತ್ವಮೇವ ಪ್ರತ್ಯಕ್ಷಂ ಬ್ರಹ್ಮಾಸಿ' ಎಂಬ ತೈತ್ತಿರೀಯ ಉಪನಿಷತ್ತಿನ ಶಾಂತಿಮಂತ್ರವನ್ನು ಒಮ್ಮೆ ಹೇಳಿ. ಪ್ರತ್ಯಕ್ಷ ಬ್ರಹ್ಮವೆಂದು ಅಲ್ಲಿ ಕರೆದದ್ದು ಈ ಗಾಳಿಯನ್ನೇ. ಗಾಳಿ ಕಣ್ಣಿಗೆ ಬೀಳದ್ದು, ಹಾಗಿರುವಾಗ ಪ್ರತ್ಯಕ್ಷ ಹೇಗೆ ಎಂದು ಕೇಳುವವರು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತೂರುವುದನ್ನು ನೋಡಲಿ. ಎತ್ತಿದ ಮೊರದಿಂದ ಸುರಿದ ಕಾಳು ತೂರುವವರ ಕಾಲ ಬುಡಕ್ಕೆ ಬೀಳುತ್ತದೆ, ಹೊಟ್ಟು ಎರಡು ಮಾರು ಆಚೆ ಹೋಗಿ ಗೆರೆಯಾಗಿ ಕೂರುತ್ತದೆ. ನಡುವೆ ಯಾರೂ ಕಾಣುವುದಿಲ್ಲ, ಕೆಲಸ ಮಾತ್ರ ಕಾಣುತ್ತದೆ. ಮಂತ್ರವಾದ ಮೇಲೆ ಒಂದು ಉಸಿರು ಬಿಡಿ. ಅದು ಆ ಗಾಳಿಗೆ ಸೇರಿತು ಎಂದಷ್ಟೇ ತಿಳಿಯಿರಿ. ಧೂಳು, ಮಳೆ ಇದ್ದರೆ ಬಾಗಿಲಲ್ಲೇ ನಿಂತು ಮಾಡಬಹುದು.

ರಾತ್ರಿ ಹಾಸಿಗೆಯಲ್ಲಿ ಅಂಗಾತ ಮಲಗಿ ರೈಕ್ವನ ಅನುಕ್ರಮವನ್ನೇ ಹಿಡಿಯಿರಿ. ಮೊದಲು ಮಾತನ್ನು ಬಿಡಿ, ನಾಲಗೆ ಕೆಳಗೆ ಒರಗಲಿ. ಆಮೇಲೆ ಕಣ್ಣು. ಆಮೇಲೆ ಕಿವಿ, ಬೀದಿಯ ಸದ್ದು ಬಂದರೆ ಬರಲಿ, ಅದು ಯಾವುದೆಂದು ಹುಡುಕಬೇಡಿ. ಕೊನೆಗೆ ಮನಸ್ಸು. ಪ್ರತಿಯೊಂದನ್ನೂ ಒಂದು ದೀರ್ಘ ರೇಚಕದ ಜೊತೆ ಪ್ರಾಣಕ್ಕೆ ಒಪ್ಪಿಸಿ. ಮನಸ್ಸಿನವರೆಗೆ ತಲುಪುವ ಮೊದಲೇ ನಿದ್ದೆ ಬಂದರೆ ಅದು ದೋಷವಲ್ಲ, ಹಗಲಿನ ತೂಕಡಿಕೆಯಂತೆ ಅದನ್ನು ತಡೆಯುವ ಅಗತ್ಯವೂ ಇಲ್ಲ.

## ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಬೆರಳ ತುದಿ, ತುಟಿ ಜುಮ್ಮೆನ್ನುವುದು, ತಲೆ ಸುತ್ತುವುದು: ಇದನ್ನು ಕುಂಡಲಿನಿ ಎದ್ದಳು ಎಂದು ಸಂಭ್ರಮಿಸುವವರಿದ್ದಾರೆ. ಬಹುತೇಕ ಸಲ ಇದು ಅತಿಯಾಗಿ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದದ್ದರ ಫಲ. ಅಭ್ಯಾಸ ನಿಲ್ಲಿಸಿ, ಸಹಜವಾಗಿ ಉಸಿರಾಡಿದರೆ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಮರುದಿನ ಎಣಿಕೆ ಇಳಿಸಿ.

ಕಿವಿಯಲ್ಲಿ ಒತ್ತಡ, ಕಣ್ಣು ಕೆಂಪಾಗುವುದು, ನೆತ್ತಿಯಲ್ಲಿ ಬಿಸಿ ಕಂಡರೆ ನೀವು ಗೊತ್ತಿಲ್ಲದೆ ಉಸಿರು ಕಟ್ಟುತ್ತಿದ್ದೀರಿ; ನಾಲ್ಕನೆಯ ಹಂತಕ್ಕೆ ಇಳಿಯಿರಿ. ಉಸಿರನ್ನು ಗಮನಿಸಿದೊಡನೆ ಗಾಬರಿ ಹೆಚ್ಚಾಗುವವರೂ ಇದ್ದಾರೆ. ಅವರು ಕಣ್ಣು ಮುಚ್ಚಬಾರದು, ಅಂಗಳದಲ್ಲಿ ನಿಧಾನವಾಗಿ ನಡೆಯುತ್ತಾ ಹೆಜ್ಜೆಗಳನ್ನು ಗಮನಿಸಲಿ. ಎದೆನೋವು, ಎಡಗೈ ಸೆಳೆತ, ಬವಳಿ ಬಂದು ಬೀಳುವಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

## ಕುಂಭಕ ಯಾವಾಗ ಎಂದು ಕೇಳುವವರಿಗೆ

1:4:2 ಎಂಬ ಅನುಪಾತ ಗ್ರಂಥಗಳಲ್ಲಿದೆ: ಒಂದು ಪಾಲು ಎಳೆಯುವುದು, ನಾಲ್ಕು ಪಾಲು ಹಿಡಿಯುವುದು, ಎರಡು ಪಾಲು ಬಿಡುವುದು. ಅದನ್ನು ಓದಿ ಶುರುಮಾಡಬೇಡಿ, ವಿಡಿಯೋ ನೋಡಿಯೂ ಬೇಡ. ಸಿಂಹ, ಆನೆ, ಹುಲಿಗಳನ್ನು ಮೆಲ್ಲಮೆಲ್ಲನೆ ಪಳಗಿಸುವಂತೆ ವಾಯುವನ್ನು ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಹಠಯೋಗ ಪ್ರದೀಪಿಕೆ ಖಂಡಿತವಾಗಿ ಎಚ್ಚರಿಸಿದೆ. ನಿಮ್ಮ ಎದುರು ಕೂತು, ನಿಮ್ಮ ಮುಖ ನೋಡಿ ತಿದ್ದುವ ಗುರು ಸಿಕ್ಕಾಗ ಕಲಿಯಿರಿ. ಅಲ್ಲಿಯವರೆಗೆ ಮೇಲಿನ ಹತ್ತರಲ್ಲಿ ಯಾವುದೂ ಕಡಿಮೆಯದಲ್ಲ.

## ನಡುವೆ ಬಿಟ್ಟುಹೋದರೆ

ಜ್ವರ, ಕೆಮ್ಮು, ಮದುವೆ ಮುಂಜಿ, ಹೊಲದ ಕೆಲಸ, ಹೀಗೆ ಯಾವುದೋ ಕಾರಣಕ್ಕೆ ತಪ್ಪುತ್ತದೆ. ತಪ್ಪಿದಷ್ಟನ್ನು ಒಂದೇ ದಿನ ಕೂಡಿಸಿ ತೀರಿಸಲು ಹೋಗಬೇಡಿ. ಒಂದೆರಡು ದಿನ ತಪ್ಪಿದ್ದರೆ ಇದ್ದ ಹಂತದಿಂದಲೇ ಮುಂದುವರಿಸಿ. ವಾರ ದಾಟಿದ್ದರೆ ಮೂರನೆಯ ಹಂತದಿಂದ ಹಿಡಿಯಿರಿ; ತಟ್ಟೆ, ಹತ್ತಿಯ ಪರೀಕ್ಷೆ ಮತ್ತೆ ಮಾಡಿ. ಕಾಯಿಲೆ ಮಲಗಿ ಎದ್ದವರು ಮೊದಲ ಕೆಲವು ದಿನ ಒಂಬತ್ತು ಮತ್ತು ಹತ್ತನ್ನು ಮಾತ್ರ ಮಾಡಬಹುದು, ಅವಕ್ಕೆ ಮೈಬಲ ಬೇಕಿಲ್ಲ.